ಗೊರಸಿನ ಮೇಲಿನ ಬಿಳಿ ಕುಚ್ಚು

ಕ್ಲೈಡ್ಸ್‌ಡೇಲ್ ಕುದುರೆ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಕಾಲಿಗೆ. ಮಂಡಿಯ ಕೆಳಗಿನಿಂದ ರೇಷ್ಮೆಯಂತೆ ಇಳಿಬಿದ್ದ ಬಿಳಿ ಕೂದಲು, ಅದರಡಿ ತಟ್ಟೆಯಷ್ಟು ಅಗಲದ ಗೊರಸು. ಸ್ಕಾಟ್ಲೆಂಡಿನ ಕ್ಲೈಡ್ ಕಣಿವೆಯ ತಳಿಯಿದು. 1848ರಿಂದ ನ್ಯೂಜಿಲೆಂಡಿನ ಒಟಾಗೊದಲ್ಲಿ ನೆಲೆಯೂರಿದ ಸ್ಕಾಟರು ಮುಂದೆ ಇದನ್ನೂ ಹಡಗಿನಲ್ಲಿ ತರಿಸಿಕೊಂಡರು.

ಅಲ್ಲಿ ಇವುಗಳ ತಳಿ ಬೆಳೆಸುವುದು ಎಂಥ ತಾಳ್ಮೆಯ ಕಸುಬು! ವಸಂತ ಬಂತೆಂದರೆ ಬೀಜದ ಕುದುರೆಯ ಹಗ್ಗ ಹಿಡಿದು ಒಬ್ಬ ಹೊಲದಿಂದ ಹೊಲಕ್ಕೆ ನಡೆಯುತ್ತಿದ್ದ. ಅದರ ಕುತ್ತಿಗೆಯ ಕೂದಲು ಹೆಣೆದು, ಬಾಚಿ, ಮೈ ಮಿರುಗಿಸಿ ಕರೆತರುತ್ತಿದ್ದ. ಅಂದವೇ ಅದರ ಜಾಹೀರಾತು. ಗಬ್ಬ ನಿಂತ ಮೇಲೆ 11 ತಿಂಗಳ ಕಾಯುವಿಕೆ. ಆಗಲೂ ತಾಯಿಗೆ ಉಳುಮೆ ತಪ್ಪುತ್ತಿರಲಿಲ್ಲ. ಮರಿ ನೇಗಿಲಿಗೆ ಬರಲು ಮತ್ತೆ ಎರಡು-ಮೂರು ವರ್ಷ. 1911ರ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಆಮೇಲೆ ಟ್ರ್ಯಾಕ್ಟರ್ ಬಂತು.