ಒಂದು ಮನೆ, ಹಲವು ನಂಬಿಕೆ: ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಮಾಲೆಯ ವಿವೇಚನೆ

ಐತಿಹಾಸಿಕ ಕಾದಂಬರಿಕಾರನ ಮೇಲೆ ಎರಡು ಋಣಗಳಿರುತ್ತವೆ. ಒಂದು ಶಿಲಾಶಾಸನದ ಋಣ, ಮತ್ತೊಂದು ವಾಚಕರ ಋಣ. ಮೊದಲನೆಯದನ್ನು ಮಾತ್ರ ತೀರಿಸಿದ ಕೃತಿ ಇತಿಹಾಸದ ಟಿಪ್ಪಣಿಯಾಗಿ ಒಣಗುತ್ತದೆ. ಎರಡನೆಯದನ್ನು ಮಾತ್ರ ತೀರಿಸಿದ ಕೃತಿ ಕಟ್ಟುಕಥೆಯಾಗಿ ಹಗುರಾಗುತ್ತದೆ. ಈ ಎರಡೂ ಋಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರು ಸಿ. ಕೆ. ನಾಗರಾಜರಾವ್ (1915–1998). ಚಳ್ಳಕೆರೆಯಲ್ಲಿ ಜನಿಸಿದ ಇವರ ‘ಪಟ್ಟಮಹಾದೇವಿ ಶಾಂತಲದೇವಿ’ ನಾಲ್ಕು ಭಾಗಗಳ ಬೃಹತ್ ಕಾದಂಬರಿ, ಪ್ರಕಟವಾದದ್ದು 1978ರಲ್ಲಿ. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿಯು 1983ರಲ್ಲಿ ಮೊತ್ತಮೊದಲು ಸಂದದ್ದು ಈ ಕೃತಿಗೇ. ಹೊಯ್ಸಳ ಮನೆತನದ ಕಥೆಯನ್ನು ಅವರು ‘ವೀರಗಂಗ ವಿಷ್ಣುವರ್ಧನ’, ‘ದಾಯಾದ ದಾವಾನಲ’ ಎಂಬ ಕಾದಂಬರಿಗಳಲ್ಲಿ ಮುಂದುವರಿಸಿದರು.

ಇಷ್ಟು ದೀರ್ಘವಾದ ಕೃತಿಯನ್ನು ಓದುಗರು ಇಂದಿಗೂ ಏಕೆ ಕೈಗೆತ್ತಿಕೊಳ್ಳುತ್ತಾರೆ? ಜೈನ ಮನೆಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಶಾಂತಲೆ ನಮ್ಮವಳು, ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು, ಅವಳ ಚರಿತ್ರೆ ನಮ್ಮ ಹೆಮ್ಮೆ. ಈ ಉತ್ತರದಲ್ಲಿ ಸುಳ್ಳಿಲ್ಲವಾದರೂ ಅದು ಸಾಲದು. ಹೆಮ್ಮೆಗಾಗಿ ಓದುವವನಿಗೆ ಒಂದು ಶಾಸನದ ಸಾರಾಂಶವೇ ಸಾಕು; ನಾಲ್ಕು ಸಂಪುಟಗಳ ತಾಳ್ಮೆ ಬೇಕಾಗುವುದಿಲ್ಲ. ಕೃತಿಯ ಆಕರ್ಷಣೆಯ ಮೂಲ ಸಿಂಹಾಸನದ ಬಳಿಗಿಂತ ಹೆಚ್ಚಾಗಿ ಒಲೆಯ ಬಳಿ ಇದೆ ಎಂಬುದು ನನ್ನ ಅಭಿಪ್ರಾಯ.

ಕಾದಂಬರಿ ನಮ್ಮನ್ನು ಮೊದಲು ಕರೆದೊಯ್ಯುವುದು ಬಳಿಪುರಕ್ಕೆ, ಅಂದರೆ ಇಂದಿನ ಬಳ್ಳಿಗಾವೆಗೆ. ಅಲ್ಲಿಯ ಹೆಗ್ಗಡೆ ಮಾರಸಿಂಗಯ್ಯ ಶಿವಭಕ್ತ. ಮಡದಿ ಮಾಚಿಕಬ್ಬೆ ಜಿನಭಕ್ತೆ. ಇದು ಕಾದಂಬರಿಕಾರರ ಕಲ್ಪನೆಯಲ್ಲ, ಶಾಸನಗಳು ತಿಳಿಸುವ ಸಂಗತಿ. ಎರಡು ಆರಾಧನೆಗಳು ಒಂದೇ ಸೂರಿನಡಿ ನಡೆಯುವ ಮನೆಯಲ್ಲಿ ಮಗಳು ಬೆಳೆಯುತ್ತಾಳೆ. ತಂದೆ ತಾಯಿಯನ್ನು ತನ್ನ ದಾರಿಗೆ ಎಳೆಯುವುದಿಲ್ಲ. ತಾಯಿ ತನ್ನ ವ್ರತವನ್ನು ಸಡಿಲಿಸುವುದಿಲ್ಲ. ಹೊಯ್ಸಳ ರಾಜ್ಯದ ಮುಂದಿನ ಬಿಕ್ಕಟ್ಟುಗಳಿಗೆಲ್ಲ ಬೇಕಾದ ಶಿಕ್ಷಣವನ್ನು ಶಾಂತಲೆ ಈ ಮನೆಯಲ್ಲಿಯೇ ಪಡೆಯುತ್ತಾಳೆ. ಗುರು ಬೋಕಿಮಯ್ಯನ ಪಾಠ ಅದರ ಮುಂದುವರಿಕೆ ಮಾತ್ರ. ಶಾಂತಲೆಯನ್ನು ಸ್ಮರಿಸುವ ಶ್ರವಣಬೆಳಗೊಳದ ಶಾಸನದ ಲೇಖಕನ ಹೆಸರು ಬೋಕಿಮಯ್ಯ. ಆ ಒಂದು ಹೆಸರಿನಿಂದ ಲೇಖಕರು ಮಮತೆಯ ಗುರುವೊಬ್ಬನನ್ನು ಕಡೆದು ನಿಲ್ಲಿಸಿದ್ದಾರೆ. ಶಾಸನದ ಋಣವೂ ವಾಚಕರ ಋಣವೂ ಒಟ್ಟಿಗೆ ತೀರುವ ಬಗೆ ಇದು.

ಶಾಂತಲೆ ಅರಮನೆಗೆ ಬಂದ ಮೇಲೂ ಕಥೆ ಸಂಸಾರದ ನೆಲೆಯನ್ನು ಬಿಡುವುದಿಲ್ಲ. ಎರೆಯಂಗ ಮತ್ತು ಏಚಲದೇವಿಯರ ಮಕ್ಕಳು ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯರ ಒಡನಾಟ, ದಂಡನಾಯಕ ಮರಿಯಾನೆಯ ಮಡದಿ ಚಾಮವ್ವೆಯ ಹಂಬಲ, ಅವಳ ಹೆಣ್ಣುಮಕ್ಕಳ ಮದುವೆಯ ಹೊಂಚು ಇವೆಲ್ಲ ಯಾವುದೇ ದೊಡ್ಡ ಮನೆಯಲ್ಲಿ ನಾವು ಕಂಡ ಮಾತುಕತೆಗಳೇ. ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು ಒಂದನೆಯ ಬಲ್ಲಾಳ 1103ರಲ್ಲಿ ಒಂದೇ ದಿನ ವರಿಸಿದ ವಿಷಯ ಶಾಸನದಲ್ಲಿದೆ. ಆ ಒಂದು ಸಾಲಿನ ಹಿಂದೆ ಎಷ್ಟು ಆಸೆ, ಎಷ್ಟು ಕಣ್ಣೀರು ಇದ್ದಿರಬಹುದೆಂದು ಊಹಿಸಿ ಕಾದಂಬರಿಕಾರರು ಒಂದು ಕುಟುಂಬದ ಏಳುಬೀಳನ್ನು ಬಿಡಿಸಿಟ್ಟಿದ್ದಾರೆ.

ಇದೇ ಕಾಲಘಟ್ಟದ ಮತ್ತೊಂದು ಕಾದಂಬರಿಮಾಲೆಯೊಡನೆ ಹೋಲಿಸಿದರೆ ಮಾತು ಸ್ಪಷ್ಟವಾಗುತ್ತದೆ. ತ. ರಾ. ಸುಬ್ಬರಾಯರು ಚಿತ್ರದುರ್ಗದ ನಾಯಕ ಮನೆತನವನ್ನು ಕುರಿತು ‘ಕಂಬನಿಯ ಕುಯಿಲು’ವಿನಿಂದ ‘ದುರ್ಗಾಸ್ತಮಾನ’ದವರೆಗೆ ಬರೆದ ಕಾದಂಬರಿಗಳಲ್ಲಿ ಅಧಿಕಾರದ ದಾಹ ಮನೆಯೊಳಗೆ ನುಗ್ಗಿ ರಕ್ತಸಂಬಂಧವನ್ನು ಸುಡುತ್ತದೆ. ಅದರ ವೇಗ, ಅದರ ಭೀಕರತೆ ನಮ್ಮನ್ನು ಹಿಡಿದಿಡುತ್ತವೆ. ನಾಗರಾಜರಾಯರಲ್ಲಿಯೂ ಅಸೂಯೆಯಿದೆ, ಒಳಸಂಚಿದೆ. ಆದರೆ ಕಥೆಯ ಕುತೂಹಲ ಮುಂದೆ ಯಾರು ಸಾಯುವರೆಂಬುದರಲ್ಲಿಲ್ಲ. ಒಡೆಯಬಹುದಾದ ಮನೆಯನ್ನು ಒಡೆಯದಂತೆ ಹಿಡಿಯುವುದು ಹೇಗೆ ಎಂಬುದರಲ್ಲಿದೆ. ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳ ಹೆಸರನ್ನು ಬಾಲ್ಯದಿಂದಲೂ ಕೇಳಿದ ಶ್ರಾವಕರಿಗೆ ಈ ಕುತೂಹಲ ಪರಿಚಿತವಾದದ್ದು.

ಕೃತಿಯ ನಿಜವಾದ ಪರೀಕ್ಷೆ ಬರುವುದು ಬಿಟ್ಟಿದೇವ ವಿಷ್ಣುವರ್ಧನನಾಗಿ ವೈಷ್ಣವ ಭಕ್ತಿಯತ್ತ ತಿರುಗಿದಾಗ. ಪತಿಯ ದಾರಿ ಬೇರೆಯಾಯಿತು. ಪತ್ನಿ ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿಯೇ ಉಳಿದಳು. ಜನಪ್ರಿಯ ಐತಿಹ್ಯಗಳು ಇಲ್ಲಿ ಜೈನರ ಮೇಲಿನ ಕ್ರೌರ್ಯದ ಕಥೆಗಳನ್ನು ಹೆಣೆದಿವೆ. ಕಲ್ಲಿನ ಬರಹ ಬೇರೆಯದನ್ನು ಹೇಳುತ್ತದೆ. 1117ರಲ್ಲಿ ಬೇಲೂರಿನಲ್ಲಿ ರಾಜನು ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ, ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಜಿನಭಕ್ತೆಯಾದ ಶಾಂತಲೆ. 1123ರಲ್ಲಿ ಅವಳು ಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಂತಿನಾಥನ ಬಸದಿಯನ್ನು ನಿರ್ಮಿಸಿದಳು. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿ, ಬಂಕಾಪುರದಲ್ಲಿದ್ದ ರಾಜನಿಗೆ ಶೇಷೆಯನ್ನು ಕಳುಹಿಸಿದಾಗ, ವಿಷ್ಣುವರ್ಧನ ಅದನ್ನು ಭಕ್ತಿಯಿಂದ ಸ್ವೀಕರಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಆಗ ಹುಟ್ಟಿದ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ತನ್ನ ನಂಬಿಕೆಯನ್ನು ಬಿಡದೆ ಇನ್ನೊಬ್ಬರ ನಂಬಿಕೆಗೆ ಎಡೆಕೊಡುವ ಈ ನಡೆಯನ್ನು ಕಾದಂಬರಿ ಸಿದ್ಧಾಂತವಾಗಿ ಉಪದೇಶಿಸದೆ ಗಂಡಹೆಂಡಿರ ಮಾತಿನಲ್ಲಿ, ಅತ್ತೆಸೊಸೆಯರ ಗೌರವದಲ್ಲಿ ತೋರಿಸುತ್ತದೆ. ಅನೇಕಾಂತವೆಂಬ ಪದ ಪ್ರವಚನದಿಂದ ಇಳಿದು ಪಡಸಾಲೆಗೆ ಬರುವುದು ಹೀಗೆ.

ಇಷ್ಟು ಮೆಚ್ಚಿದ ಮೇಲೆ ವಿಮರ್ಶಕನು ಹೇಳಲೇಬೇಕಾದ ಮಾತೊಂದಿದೆ. ಈ ಶಾಂತಲೆಯಲ್ಲಿ ಲೋಪವೇ ಇಲ್ಲ. ಬಾಲ್ಯದಲ್ಲಿಯೇ ವಿವೇಕ, ಯೌವನದಲ್ಲಿ ಸಂಯಮ, ಪಟ್ಟವೇರಿದ ಮೇಲೆ ಕ್ಷಮೆ. ಅವಳು ತಪ್ಪುವುದೇ ಇಲ್ಲ. ಮನೆಯಲ್ಲಿ ಕಹಿ ಬಂದಾಗಲೆಲ್ಲ ಅದು ಚಾಮವ್ವೆಯಂಥವರಿಂದ ಬರುತ್ತದೆ. ಇದರಿಂದ ಓದುಗರಿಗೆ ಸುಖವಾಗುತ್ತದೆ, ಏಕೆಂದರೆ ನಾವೆಲ್ಲ ಶಾಂತಲೆಯ ಪಕ್ಕದಲ್ಲಿ ನಿಂತು ಕಥೆಯನ್ನು ನೋಡುತ್ತೇವೆ. ನಮ್ಮೊಳಗಿನ ಚಾಮವ್ವೆಯನ್ನು ನೋಡುವ ಪ್ರಮೇಯ ಬರುವುದಿಲ್ಲ.

ಶಾಸನದ ಶಾಂತಲೆ ಇಷ್ಟು ಮೃದುವಲ್ಲ. ಅವಳ ಬಿರುದು ‘ಉದ್ವೃತ್ತ ಸವತಿ ಗಂಧವಾರಣೆ’. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! ಅವಳು ಕಟ್ಟಿಸಿದ ಬಸದಿಗೆ ಇಂದಿಗೂ ಸವತಿಗಂಧವಾರಣ ಬಸದಿಯೆಂದೇ ಹೆಸರು. ಶಾಂತಿನಾಥನ ಗುಡಿಗೆ ಸವತಿಮಾತ್ಸರ್ಯದ ಹೆಸರು ಅಂಟಿಕೊಂಡಿರುವುದು ಆಳವಾದ ಸಂಗತಿ. ಅಭಿಮಾನವಿದ್ದ, ನೋವಿದ್ದ, ಸ್ಪರ್ಧೆಯ ಬಿಸಿ ಅರಿತಿದ್ದ ಹೆಣ್ಣೊಬ್ಬಳು ಶಾಂತಿಯನ್ನು ಅರಸಿ ಅಲ್ಲಿಗೆ ಬಂದಿರಬಹುದು. ಆ ಶಾಂತಲೆಯನ್ನು ಕಾದಂಬರಿ ಇನ್ನಷ್ಟು ಧೈರ್ಯದಿಂದ ಕಂಡಿದ್ದರೆ ಸಂಯಮದ ಬೆಲೆ ಇನ್ನೂ ಹೆಚ್ಚುತ್ತಿತ್ತು. ಕಷಾಯವೇ ಇಲ್ಲದವರಿಗೆ ಕಷಾಯವಿಜಯದ ಮಾತೆಲ್ಲಿಯದು?

ಅಂತ್ಯದ ವಿಷಯದಲ್ಲಿ ಮಾತ್ರ ನಾಗರಾಜರಾಯರು ಜನಪ್ರಿಯತೆಗೆ ಮಣಿಯಲಿಲ್ಲ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ದೇಹವಿಟ್ಟಳು. ಮಕ್ಕಳಿಲ್ಲದ ದುಃಖದಿಂದ ಬೆಟ್ಟದ ಮೇಲಿಂದ ಧುಮುಕಿದಳೆಂಬ ಕಥೆ ಎಷ್ಟು ಬೇರೂರಿದೆಯೆಂದರೆ ಅಲ್ಲಿಯ ಕಡಿದಾದ ಬಂಡೆಗೆ ‘ಶಾಂತಲಾ ಡ್ರಾಪ್’ ಎಂಬ ಹೆಸರೇ ಬಿದ್ದಿದೆ. ಶಾಸನಗಳನ್ನು ಶೋಧಿಸಿದ ಲೇಖಕರು ಈ ಆತ್ಮಹತ್ಯೆಯ ಕಥೆಯನ್ನು ಒಪ್ಪಲಿಲ್ಲ. ಮಗಳ ಮರಣದ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಪಂಚನಮಸ್ಕಾರವನ್ನು ಜಪಿಸುತ್ತ ಸನ್ಯಸನ ವಿಧಿಯಿಂದ ಮುಡಿಪಿದಳೆಂದು ಶಾಸನ ಹೇಳುತ್ತದೆ. ಹತಾಶೆಯ ಸಾವಿಗೂ ವ್ರತದ ಸಾವಿಗೂ ಇರುವ ಅಂತರ ನಮಗೆ ಪುಸ್ತಕದ ವಿಷಯವಷ್ಟೇ ಅಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮವೆಂದಿತು; ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ಚರ್ಚೆಯಲ್ಲಿ ತೊಡಗುವವರು ಈ ತಾಯಿಮಗಳ ವೃತ್ತಾಂತವನ್ನು ಐತಿಹ್ಯದಿಂದ ಬೇರ್ಪಡಿಸಿ ತಿಳಿದಿರಬೇಕು.

ಚಿತ್ತಾಕುಲದ ಈ ಕಡಲತಡಿಯ ಓದುಗರಿಗೆ ಹೊಯ್ಸಳರು ದೂರದವರೆಂದು ತೋರಬಹುದು. ಆದರೆ ಬಳ್ಳಿಗಾವೆ ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಬನವಾಸಿ ನಮ್ಮ ಜಿಲ್ಲೆಯ ಶಿರಸಿ ತಾಲ್ಲೂಕಿನದೇ. ಇನ್ನೂ ಹತ್ತಿರದ್ದು ಗೇರುಸೊಪ್ಪೆ. ಚಿತ್ತಾಕುಲವನ್ನು ‘ಸಿಂತಾಕೋರಾ’ ಎಂದು ಕರೆದ ಪೋರ್ಚುಗೀಸರೇ, ನಗಿರೆಯ ಜೈನ ಸಾಳುವ ಮನೆತನದ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿಯೆಂದು ಕರೆದರು. ಅವಳನ್ನು ಕುರಿತು ಇತ್ತೀಚಿನ ವರ್ಷಗಳಲ್ಲಿ ಗಜಾನನ ಶರ್ಮರು ‘ಚೆನ್ನಭೈರಾದೇವಿ’ ಕಾದಂಬರಿಯನ್ನು ಬರೆದಿದ್ದಾರೆ. ಶರಾವತಿಯ ದಂಡೆಯ ಚತುರ್ಮುಖ ಬಸದಿಯನ್ನು ನೋಡಿಬರುವ ಕುಟುಂಬಗಳು ಈ ಎರಡೂ ಕೃತಿಗಳನ್ನು ಒಟ್ಟಿಗೆ ಓದುವುದು ಉಚಿತ. ರಾಣಿಯರ ಹೆಸರು ಹೇಳುವ ಕಲ್ಲುಗಳು ನಮ್ಮ ಸುತ್ತಲೂ ಇವೆ; ಅವರ ಮನೆಯ ಮಾತನ್ನು ಕೇಳಿಸುವುದು ಕಾದಂಬರಿಯ ಕೆಲಸ.

ಬಸದಿಗಳ ಆಡಳಿತ ಮಂಡಳಿಗಳು ಬಹುಮಾನಕ್ಕೆ ಪುಸ್ತಕ ಆರಿಸುವಾಗ ಈ ಕೃತಿ ನೆನಪಾಗುವುದು ಸಹಜ, ಯೋಗ್ಯವೂ ಹೌದು. ಕೊಡುವವರಿಗೂ ಕೃತಿ ಒಂದು ಪ್ರಶ್ನೆಯನ್ನು ಇಡುತ್ತದೆ. ಅನ್ಯಮತದ ಮನೆಯಿಂದ ಸೊಸೆ ಬಂದಾಗ, ಅಥವಾ ಮಗಳು ಅನ್ಯಮತದ ಮನೆಗೆ ಹೋದಾಗ, ನಾವು ಮಾರಸಿಂಗಯ್ಯ ಮಾಚಿಕಬ್ಬೆಯರಂತೆ ನಡೆಯುತ್ತೇವೆಯೆ? ಅವಳ ದೇವರಕೋಣೆಗೆ ಎಡೆಯಿಟ್ಟು ನಮ್ಮ ಅಣುವ್ರತವನ್ನೂ ಉಳಿಸಿಕೊಳ್ಳುತ್ತೇವೆಯೆ? ಒಂದೇ ಬಸದಿಯ ಎರಡು ಗುಂಪುಗಳು ನ್ಯಾಯಾಲಯದ ಮೆಟ್ಟಿಲೇರುವ ಮುನ್ನ ಕುಳಿತು ಮಾತನಾಡುತ್ತವೆಯೆ? ಶಾಂತಲೆಯನ್ನು ನಮ್ಮವಳೆಂದು ಹೇಳಿಕೊಳ್ಳುವುದು ಸುಲಭ. ಬೇಲೂರಿನ ಗುಡಿಯನ್ನೂ ಬೆಳಗೊಳದ ಬಸದಿಯನ್ನೂ ಕಟ್ಟಿಸಿದ ಅವಳ ಮನೆಯವರಾಗುವುದು ಕಷ್ಟ. ಆ ಕಷ್ಟವನ್ನು ಪ್ರತಿ ತಲೆಮಾರಿಗೂ ಹೊಸದಾಗಿ ನೆನಪಿಸುವ ಶಕ್ತಿ ಇರುವುದರಿಂದಲೇ, ಲೋಪಗಳ ನಡುವೆಯೂ, ಈ ಕಾದಂಬರಿಮಾಲೆ ಉಳಿದಿದೆ.