ಹಳೆಯ ವೇಷ, ಹೊಸ ನಟ

ಒಂದು ಪಾತ್ರ ನಲವತ್ತು ವರ್ಷ ಬೆಳ್ಳಿತೆರೆಯ ಮೇಲೆ ಬಾಳಿತೆಂದರೆ ಅದರಲ್ಲಿ ಏನೋ ಸತ್ವವಿರಬೇಕೆಂದು ಒಪ್ಪುವುದು ನ್ಯಾಯ. ಆದರೆ 1962ರಲ್ಲಿ 'ಡಾಕ್ಟರ್ ನೋ' ಚಿತ್ರದ ಮೂಲಕ ತೆರೆಗೆ ಬಂದ ಜೇಮ್ಸ್ ಬಾಂಡ್ ಎಂಬ ಬ್ರಿಟಿಷ್ ಗೂಢಚಾರ, 2002ರ 'ಡೈ ಅನದರ್ ಡೇ' ಹೊತ್ತಿಗೆ ಉಡುಪು, ಕಾರು, ಕೈಗಡಿಯಾರಗಳ ಒಂದು ಮೆರವಣಿಗೆಯಾಗಿ ಹೋಗಿದ್ದನು. ಆ ಚಿತ್ರದಲ್ಲಿ ಅವನ ಕಾರು ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ. ಕಾರು ಮಾಯವಾದುದಕ್ಕೆ ನನ್ನ ತಕರಾರಿಲ್ಲ. ಒಳಗೆ ಕುಳಿತ ಮನುಷ್ಯನೂ ಅದರ ಜೊತೆಗೆ ಮಾಯವಾಗಿದ್ದನು.

ನಾಲ್ಕು ವರ್ಷ ಕಳೆದು, 2006ರಲ್ಲಿ, ಡೇನಿಯಲ್ ಕ್ರೇಗ್ ಎಂಬ ಹೊಸ ನಾಯಕನೊಡನೆ 'ಕ್ಯಾಸಿನೊ ರಾಯಲ್' ಬಂದಿತು. ಮುಖ್ಯ ಸರಣಿಯಲ್ಲಿ ಅದು 21ನೆಯ ಚಿತ್ರ, ಕ್ರೇಗ್ ಆರನೆಯ ಬಾಂಡ್. 2005ರ ಅಕ್ಟೋಬರಿನಲ್ಲಿ ಆತನ ಹೆಸರು ಪ್ರಕಟವಾದಾಗ ಎದ್ದ ಗದ್ದಲ ಸ್ವಾರಸ್ಯದ್ದು. ಕೂದಲು ಹೊಂಬಣ್ಣದ್ದು, ಎತ್ತರ ಸಾಲದು, ಮುಖ ಒರಟು ಎಂದು, ಹೆಣ್ಣು ನೋಡಲು ಹೋದ ಹಿರಿಯರಂತೆ ಜನ ದೋಷಗಳನ್ನು ಎಣಿಸಿದರು. ಈ ಆಕ್ಷೇಪಗಳು ನಗೆಗೀಡಾಗತಕ್ಕವೇ ಆದರೂ ಇವುಗಳ ಹಿಂದೆ ಒಂದು ನಿಜವಾದ ಪ್ರಶ್ನೆಯಿದೆ. ನಟ ಬದಲಾದಾಗ ಪಾತ್ರದಲ್ಲಿ ಉಳಿಯಬೇಕಾದದ್ದು ಯಾವುದು?

ಈ ಪ್ರಶ್ನೆ ನಮ್ಮ ಚಿತ್ರರಂಗದಲ್ಲಿ ಅಷ್ಟಾಗಿ ಏಳುವುದಿಲ್ಲ. ಬಾಂಡನ ಗಾಳಿ ಇಲ್ಲಿಯೂ ಬೀಸಿತ್ತು. 1968ರ 'ಜೇಡರ ಬಲೆ'ಯಲ್ಲಿ ರಾಜಕುಮಾರರು ಸಿ.ಐ.ಡಿ. 999 ಆಗಿ ಬಂದರು. ದೊರೆ–ಭಗವಾನ್ ಜೋಡಿಯ ಆ ಸರಣಿ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರಗಳಾಗಿ ಬೆಳೆಯಿತು. ಆದರೆ ಜನ ನೋಡಲು ಹೋದದ್ದು ರಾಜಕುಮಾರರನ್ನು. 999 ಎಂಬುದು ಅವರು ತೊಟ್ಟ ಅನೇಕ ಅಂಗಿಗಳಲ್ಲಿ ಒಂದು. ಬಾಂಡನ ಸಂಗತಿ ಇದಕ್ಕೆ ತಿರುಗುಮುರುಗು. ಅಲ್ಲಿ ವೇಷವೇ ಯಜಮಾನ, ನಟ ಬಾಡಿಗೆದಾರ. ಜಾರ್ಜ್ ಲೇಜನ್ಬಿ 1969ರಲ್ಲಿ ಒಂದೇ ಚಿತ್ರಕ್ಕೆ ಮನೆ ಖಾಲಿಮಾಡಿದನು. ರೋಜರ್ ಮೂರ್ 1973ರಿಂದ 1985ರವರೆಗೆ ಏಳು ಚಿತ್ರಗಳ ಕಾಲ ಸುಖವಾಗಿ ವಾಸಮಾಡಿದನು.

ಇಲ್ಲೊಂದು ಸಂಗತಿ ಗಮನಿಸತಕ್ಕದ್ದು. 1995ರಲ್ಲಿ ಪಿಯರ್ಸ್ ಬ್ರಾಸ್ನನ್‌ನನ್ನು 'ಗೋಲ್ಡನ್‌ಐ' ಮೂಲಕ ತಂದ ನಿರ್ದೇಶಕನೇ, ಮಾರ್ಟಿನ್ ಕ್ಯಾಂಪ್‌ಬೆಲ್, ಕ್ರೇಗ್‌ನನ್ನೂ ತಂದನು. ಮೊದಲ ಸಲ ಆತ ಹಳೆಯ ಅಂಗಿಯನ್ನು ಇಸ್ತ್ರಿಮಾಡಿ ಹೊಸಬನಿಗೆ ತೊಡಿಸಿದ. ಎರಡನೆಯ ಸಲ ಹೊಲಿಗೆಯನ್ನೇ ಬಿಚ್ಚಿದ. ಇಯಾನ್ ಫ್ಲೆಮಿಂಗ್‌ನ ಮೊದಲ ಕಾದಂಬರಿ, 1953ರದು, ಬಹುಕಾಲ ಬೇರೆಯವರ ಹಕ್ಕಿನಲ್ಲಿದ್ದು ಕೊನೆಗೆ ಕೈಗೆ ಬಂದುದರಿಂದ, ಬಾಂಡ್ ಇನ್ನೂ ಬಾಂಡನಾಗದಿದ್ದ ದಿನಗಳಿಗೆ ಹಿಂದಿರುಗುವ ಅವಕಾಶ ದೊರೆಯಿತು.

ಚಿತ್ರ ಕಪ್ಪು–ಬಿಳುಪಿನಲ್ಲಿ ತೊಡಗುತ್ತದೆ. ಬಾಂಡ್ ತನ್ನ ಮೊದಲ ಕೊಲೆಯನ್ನು ಒಂದು ಶೌಚಾಲಯದಲ್ಲಿ ಮಾಡುತ್ತಾನೆ. ಗೋಡೆ ಒಡೆಯುತ್ತದೆ, ನೀರು ಚೆಲ್ಲುತ್ತದೆ, ಎದುರಾಳಿ ಸುಲಭವಾಗಿ ಸಾಯುವುದಿಲ್ಲ. ಕೊಲ್ಲುವುದೂ ಮೈಮುರಿಯುವ ಕೆಲಸವೆಂದು ಈ ಸರಣಿ ಇಷ್ಟು ಸ್ಪಷ್ಟವಾಗಿ ಹೇಳಿದ್ದು ಅಪರೂಪ. ಮುಂದೆ ಮಡಗಾಸ್ಕರಿನಲ್ಲಿ ಒಬ್ಬನನ್ನು ಅಟ್ಟಿಸಿಕೊಂಡು ಹೋಗುವಾಗ, ಓಡುವವನು ಗೋಡೆಯ ಮೇಲ್ತುದಿಯ ಸಣ್ಣ ಕಂಡಿಯಲ್ಲಿ ಜಿಂಕೆಯಂತೆ ನುಸುಳಿದರೆ, ಬಾಂಡ್ ಆ ಗೋಡೆಯನ್ನೇ ಒಡೆದುಕೊಂಡು ಬರುತ್ತಾನೆ. ಒಂದು ಮಾತಿಲ್ಲದೆ ಇಡೀ ಶೀಲ ಅಲ್ಲಿ ವ್ಯಕ್ತವಾಗಿದೆ.

ನಮ್ಮ ಲಾಕ್ಷಣಿಕರು ಚಿಂತೆಯಿಲ್ಲದ ಸುಖಿಯನ್ನು ಧೀರಲಲಿತನೆಂದರು. ಮೂರ್‌ನ ಬಾಂಡ್ ಆ ಬಗೆಯವನು; ಹುಬ್ಬೇರಿಸಿದರೆ ಅವನ ಅಭಿನಯ ಮುಗಿಯಿತು. ಕ್ರೇಗ್‌ನವನು ಧೀರೋದ್ಧತ, ಗರ್ವಿ, ಮುಂಗೋಪಿ. ಆದರೆ ಔದ್ಧತ್ಯವೊಂದರಿಂದಲೇ ನಾಯಕನಾಗುವುದಿಲ್ಲ. ಆ ಗರ್ವ ಎಲ್ಲಿ ಬಿರುಕುಬಿಡುತ್ತದೆ ಎಂಬಲ್ಲಿ ಈ ಚಿತ್ರದ ಹಿರಿಮೆಯಿದೆ.

ಜೂಜಿನ ಬಿಡುವಿನಲ್ಲಿ ಹೊಟೆಲಿನ ಮೆಟ್ಟಿಲುಗಳ ಮೇಲೆ ಬಾಂಡನಿಗೂ ಇಬ್ಬರು ಹಂತಕರಿಗೂ ಹೋರಾಟವಾಗುತ್ತದೆ. ವೆಸ್ಪರ್ ಲಿಂಡ್, ಸರ್ಕಾರದ ಹಣಕ್ಕೆ ಕಾವಲಾಗಿ ಬಂದ ಹೆಣ್ಣು, ಅದನ್ನು ಕಣ್ಣಾರೆ ಕಾಣುತ್ತಾಳೆ. ಅವನಿಗೆ ನೆರವೂ ಆಗುತ್ತಾಳೆ. ಬಾಂಡ್ ಕೋಣೆಗೆ ಹೋಗಿ, ಕನ್ನಡಿಯ ಮುಂದೆ ನಿಂತು, ರಕ್ತ ತೊಳೆದು, ಒಂದು ಗುಟುಕು ಕುಡಿದು, ಹೊಸ ಅಂಗಿ ತೊಟ್ಟು ಮತ್ತೆ ಆಟಕ್ಕೆ ಕೂಡುತ್ತಾನೆ. ಹಿಂದಿನ ಚಿತ್ರಗಳಲ್ಲಾದರೆ ಕಥೆ ಅಲ್ಲಿಂದ ಮುಂದಕ್ಕೆ ಓಡುತ್ತಿತ್ತು. ಇಲ್ಲಿ ಅವನು ರಾತ್ರಿ ಹಿಂದಿರುಗಿದಾಗ ವೆಸ್ಪರ್ ಉಟ್ಟ ಬಟ್ಟೆಯಲ್ಲೇ ಸುರಿಯುವ ನೀರಿನ ಕೆಳಗೆ ನಡುಗುತ್ತ ಕುಳಿತಿದ್ದಾಳೆ. ಕೈಗೆ ಹತ್ತಿದ ರಕ್ತ ಹೋಗದೆಂಬ ಭ್ರಮೆ ಅವಳದು. ಲೇಡಿ ಮ್ಯಾಕ್‌ಬೆತ್ ನೆನಪಾಗದೆ ಇರಳು. ಅವನೂ ಬಟ್ಟೆಸಹಿತ ಪಕ್ಕದಲ್ಲಿ ಕೂಡುತ್ತಾನೆ. ಇವಾ ಗ್ರೀನ್‌ಳ ನಡುಗುವ ಭುಜವನ್ನೂ, ಏನು ಮಾಡಬೇಕೆಂದು ತಿಳಿಯದೆ ನೀರನ್ನು ಇನ್ನಷ್ಟು ಬೆಚ್ಚಗೆ ಮಾಡುವ ಕ್ರೇಗ್‌ನ ಕೈಯನ್ನೂ ನೋಡಬೇಕು. ಕರುಣದ ಸೋಂಕಿಲ್ಲದ ವೀರ ಬರಿಯ ಕಸರತ್ತೆಂದು ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಅದಕ್ಕೆ ಇಂಗ್ಲಿಷ್ ಪತ್ತೇದಾರಿ ಚಿತ್ರವೊಂದರಲ್ಲಿ ಉದಾಹರಣೆ ಸಿಕ್ಕೀತೆಂದು ಎಣಿಸಿರಲಿಲ್ಲ.

ಕುಂದುಗಳೂ ಇವೆ. ಕಾದಂಬರಿಯ ಬ್ಯಾಕರಾ ಆಟದ ಬದಲು ಪೋಕರ್ ತಂದು, ಪ್ರತಿಯೊಂದು ಎಲೆಯ ಅರ್ಥವನ್ನೂ ಪಕ್ಕದ ಪಾತ್ರದಿಂದ ಹೇಳಿಸಿ, ನಮ್ಮನ್ನು ಶಿಶುವಿಹಾರದ ಮಕ್ಕಳಂತೆ ನಡೆಸಿಕೊಂಡಿದ್ದಾರೆ. ರೈಲಿನೊಳಗಿನ ಅತಿ ಚೂಟಿಯಾದ ಸಂಭಾಷಣೆಯ ನಡುವೆ ಕೈಗಡಿಯಾರದ ಕಂಪನಿಯ ಹೆಸರನ್ನು ನುಸುಳಿಸಿರುವುದು ಅನೌಚಿತ್ಯದ ಪರಮಾವಧಿ. ಪ್ರೇಮ ಪ್ರಕರಣವಂತೂ ಆಟ ಮುಗಿದ ಮೇಲೆ ಅವಸರದಲ್ಲಿ ಬೆಳೆದು, ವೆನಿಸ್‌ನಲ್ಲಿ ಕುಸಿಯುವ ಮನೆಯೊಡನೆ ಮುಳುಗುತ್ತದೆ.

ಆದರೂ ಹಳೆಯ ಚಾಳಿಗಳನ್ನು ಸಾಲವಾಗಿ ತರದೆ ಗಳಿಸಿಕೊಂಡಿರುವ ರೀತಿ ಮೆಚ್ಚತಕ್ಕದ್ದು. ಪಾನೀಯವನ್ನು ಕುಲುಕಬೇಕೋ ಕದಡಬೇಕೋ ಎಂದು ಪರಿಚಾರಕ ಕೇಳಿದರೆ, ಹಣ ಸೋತು ಬಂದ ಬಾಂಡ್ ಸಿಡುಕುತ್ತಾನೆ. ಹೆಸರನ್ನು ಎರಡು ಸಲ ಹೇಳುವ ಆ ಜಗತ್ಪ್ರಸಿದ್ಧ ಮಾತೂ, ಪೂರ್ಣ ರೂಪದ ಆ ಸಂಗೀತವೂ ಕಟ್ಟಕಡೆಯ ಕ್ಷಣಕ್ಕೆ ಬರುತ್ತವೆ. ಪ್ರಿಯೆ ಸತ್ತಿದ್ದಾಳೆ, ಸರೋವರದ ದಡದಲ್ಲಿ ಕಾಲಿಗೆ ಗುಂಡು ತಗುಲಿದವನೊಬ್ಬ ತೆವಳುತ್ತಿದ್ದಾನೆ, ಆಗ ಬಂದೂಕು ಹಿಡಿದು ನಿಂತವನು ಹೆಸರು ಹೇಳುತ್ತಾನೆ. ಚಿತ್ರಮಂದಿರದಲ್ಲಿ ಅದಕ್ಕೆ ಶಿಳ್ಳೆ ಬಿತ್ತು. ನನಗೆ ಮಾತ್ರ, ಒಬ್ಬ ಮನುಷ್ಯ ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿಕೊಂಡ ಸದ್ದಿನಂತೆ ಕೇಳಿಸಿತು.

ಕ್ರೇಗ್ ಇನ್ನೂ ನಾಲ್ಕು ಚಿತ್ರಗಳಲ್ಲಿ ಬಂದನು. 2012ರ 'ಸ್ಕೈಫಾಲ್' ಮಟ್ಟಸವಾದದ್ದು. 2015ರ 'ಸ್ಪೆಕ್ಟರ್' ಹಿಂದಿನ ಎಲ್ಲ ವೈರಗಳನ್ನೂ ಒಬ್ಬ ಬಾಲ್ಯದ ದಾಯಾದಿಯ ಹೊಟ್ಟೆಕಿಚ್ಚಿಗೆ ಗಂಟುಹಾಕಿ ಕೆಟ್ಟಿತು. ಆ ಹೊತ್ತಿಗೆ ನಾಯಕನ ನೋವೂ ಕಾರು, ಕೈಗಡಿಯಾರಗಳ ಸಾಲಿನಲ್ಲಿ ಮೆರವಣಿಗೆ ಹೊರಟಿತ್ತು. 2021ರ 'ನೋ ಟೈಮ್ ಟು ಡೈ'ಯಲ್ಲಿ ಬಾಂಡನನ್ನು ಕೊಂದೇಬಿಟ್ಟರು. 2025ರಲ್ಲಿ ಸರಣಿಯ ಸೂತ್ರ ಅಮೆಜಾನ್ ಸಂಸ್ಥೆಯ ಕೈಗೆ ಹೋಗಿ, ಮುಂದಿನ ಚಿತ್ರದ ನಿರ್ದೇಶನಕ್ಕೆ ಡೆನಿ ವಿಲ್ನೇವ್ ಗೊತ್ತಾದನು. ಆತನ ಕೈಕೆಳಗೆ ಬರುವ ಹೊಸ ಬಾಂಡನ ಕೂದಲಿನ ಬಗೆಗೂ ವಾದ ನಡೆದೀತು. ನಡೆಯಲಿ. ಮೆಟ್ಟಿಲ ಮೇಲಿನ ಆ ಜಗಳವನ್ನೂ, ಆಮೇಲಿನ ಆ ಸ್ನಾನದ ಕೋಣೆಯನ್ನೂ ಆತ ಇನ್ನೊಮ್ಮೆ ನೋಡಿಕೊಂಡು ಕೆಲಸಕ್ಕೆ ಕೈಹಾಕಿದರೆ ಸಾಕು.