ಅಂಕಿತವಿಚಾರ: ಆಶ್ರಯರಹಿತ ವಾಗ್ಗೇಯಕಾರರ ಕೃತಿಪ್ರಸಾರ

ರಾಜರ ಅಥವಾ ಧನಿಕರ ಆಶ್ರಯವಿಲ್ಲದ ಸಂಗೀತಗಾರನು ತನ್ನ ಕೃತಿಗಳನ್ನು ತಾನೇ ಲೋಕದಲ್ಲಿ ಪ್ರಚಾರಗೊಳಿಸುವುದು ಹೇಗೆಂಬ ಪ್ರಶ್ನೆಯು ಈಗಿನ ಕಾಲದಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಧ್ವನಿಮುದ್ರಣಸಂಸ್ಥೆಗಳ ಹಂಗನ್ನು ತೊರೆದು, ಮನೆಯಲ್ಲಿಯೇ ಹಾಡನ್ನು ಮುದ್ರಿಸಿಕೊಂಡು, ಅಂತರ್ಜಾಲದ ಮುಖಾಂತರ ಕೇಳುಗರಿಗೆ ಒಪ್ಪಿಸುವ ತರುಣರು ಕನ್ನಡನಾಡಿನಲ್ಲಿಯೂ ಉಂಟು. ಇವರಿಗೆ ದೊರೆಯುವ ಉಪದೇಶವು ಬಹುಮಟ್ಟಿಗೆ ಹೆಸರನ್ನು ಎಲ್ಲೆಲ್ಲಿ ಎಷ್ಟು ಸಲ ಕಾಣಿಸತಕ್ಕದ್ದೆಂಬುದನ್ನು ಕುರಿತದ್ದಾಗಿದೆ. ಹೆಸರು ಹಾಡಿನ ಹೊರಗಿರಬೇಕೋ ಒಳಗಿರಬೇಕೋ ಎಂಬ ವಿಚಾರವಾದರೋ ಅಪರೂಪವಾಗಿ ಮಾತ್ರ ಏಳುತ್ತದೆ. ಕನ್ನಡದ ಹರಿದಾಸರು ಈ ವಿಚಾರವನ್ನು ನಾಲ್ಕುನೂರು ವರ್ಷಗಳಿಗೂ ಹಿಂದೆಯೇ ತಮ್ಮ ರಚನೆಯಲ್ಲಿ ನಿರ್ಣಯಿಸಿದ್ದರು. ಅವರ ನಿರ್ಣಯದ ಗುಣವೇನು, ಅದಕ್ಕೆ ಅವರು ತೆತ್ತ ಬೆಲೆಯೇನು ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ, ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ, ಸಂಗೀತರತ್ನಾಕರವನ್ನು ರಚಿಸಿದನು. ಅದರಲ್ಲಿ ಮಾತನ್ನೂ ಧಾತುವನ್ನೂ, ಎಂದರೆ ಸಾಹಿತ್ಯವನ್ನೂ ಗೇಯವನ್ನೂ, ತಾನೇ ನಿರ್ಮಿಸುವವನನ್ನು ವಾಗ್ಗೇಯಕಾರನೆಂದು ಹೇಳಿದೆ. ಪ್ರಬಂಧಕ್ಕೆ ಸ್ವರ, ಬಿರುದು, ಪದ, ತೇನಕ, ಪಾಟ, ತಾಳ ಎಂದು ಆರು ಅಂಗಗಳನ್ನು ಎಣಿಸಿದೆ. ಇವುಗಳಲ್ಲಿ ಬಿರುದೆಂಬುದು ಗುಣನಾಮವು, ಸ್ತುತ್ಯನಾಯಕನ ಗುಣಗಳನ್ನು ಸಾರುವ ಭಾಗವು. ಕೊನೆಯಲ್ಲಿ ಬರುವ ಆಭೋಗವು ಹೆಸರನ್ನು ಕೂಡಿಸುವುದಕ್ಕೆ ಒಪ್ಪಿದ ಸ್ಥಾನವೆಂದು ಲಾಕ್ಷಣಿಕರ ಮತವು. ಆಸ್ಥಾನದ ಗಾಯಕನಿಗೆ ಈ ವ್ಯವಸ್ಥೆಯು ಸಾಕಾಗಿತ್ತು. ಅವನು ಪ್ರಭುವಿನ ಹೆಸರನ್ನು ಹಾಡಿದರೆ ಪ್ರಭುವು ಅವನನ್ನು ಕಾಪಾಡುವನು. ಪ್ರಭುವಿಲ್ಲದ ಕವಿಗೆ ಬಿರುದಿನಿಂದ ಪ್ರಯೋಜನವೇನು? ಈ ಪ್ರಶ್ನೆಗೆ ದೊರೆತ ಉತ್ತರವೇ ಅಂಕಿತವು. ಸಾಲಗಸೂಡವೆಂಬ ಪ್ರಬಂಧಜಾತಿಯಿಂದ ಬಂದುದೆಂದು ವಿದ್ವಾಂಸರು ನಿರ್ಣಯಿಸಿರುವ ಸುಳಾದಿಯಲ್ಲಿಯೂ, ಕೀರ್ತನೆಯಲ್ಲಿಯೂ, ಉಗಾಭೋಗದಲ್ಲಿಯೂ ಹರಿದಾಸರು ಬಿರುದನ್ನು ಬಿಟ್ಟು ಅಂಕಿತವನ್ನು ನಿಲ್ಲಿಸಿದರು.

ಅಂಕಿತದ ವಿಷಯದಲ್ಲಿ ಎರಡು ಪಕ್ಷಗಳುಂಟು. ಅಂಕಿತವು ಭಕ್ತಿಯಿಂದ ಮಾಡಿದ ಸಮರ್ಪಣೆಯೇ ಹೊರತು ಕರ್ತೃವಿನ ಗುರುತಲ್ಲವೆಂದು ಒಂದು ಪಕ್ಷದವರು ಹೇಳುವರು. ಅದು ಕೃತಿಸ್ವಾಮ್ಯದ ಮುದ್ರೆಯೇ, ಭಕ್ತಿಯು ಅದರ ಹೊದಿಕೆಯೆಂದು ಮತ್ತೊಂದು ಪಕ್ಷದವರು ಹೇಳುವರು. ಮೊದಲನೆಯ ಪಕ್ಷವು ನಿಲ್ಲಲಾರದು. ಏತಕ್ಕೆಂದರೆ, ಸಮರ್ಪಣೆಯೊಂದೇ ಉದ್ದಿಷ್ಟವಾಗಿದ್ದರೆ ಭಗವಂತನ ಸಹಸ್ರನಾಮಗಳಲ್ಲಿ ಯಾವುದಾದರೂ ಸಾಕಾಗುತ್ತಿತ್ತು. ದಾಸರು ಹಾಗೆ ಮಾಡಲಿಲ್ಲ. ಶ್ರೀಪಾದರಾಜರಿಗೆ ರಂಗವಿಠಲ, ಪುರಂದರದಾಸರಿಗೆ ಪುರಂದರವಿಠಲ, ವಿಜಯದಾಸರಿಗೆ ವಿಜಯವಿಠಲ, ಗೋಪಾಲದಾಸರಿಗೆ ಗೋಪಾಲವಿಠಲ, ಜಗನ್ನಾಥದಾಸರಿಗೆ ಜಗನ್ನಾಥವಿಠಲ ಎಂದು ವಿಠಲನು ಸಮಾನನಾಗಿದ್ದರೂ ಪೂರ್ವಪದವು ಒಬ್ಬೊಬ್ಬರಿಗೆ ಒಂದೊಂದಾಗಿದೆ. ಗುರುವು ಶಿಷ್ಯನಿಗೆ ಅಂಕಿತವನ್ನು ಅನುಗ್ರಹಿಸುವ ಪದ್ಧತಿಯೂ ಈ ಭೇದವನ್ನು ಕಾಪಾಡುವುದಕ್ಕೆ ಅನುಕೂಲವಾದುದು. ಎರಡನೆಯ ಪಕ್ಷವೂ ನಿಲ್ಲದು. ಸ್ವಾಮ್ಯದ ಮುದ್ರೆಯೇ ಆಗಿದ್ದಲ್ಲಿ ಕನಕದಾಸರು ತಮ್ಮ ಹೆಸರನ್ನು ಬಿಟ್ಟು ಕಾಗಿನೆಲೆಯ ಆದಿಕೇಶವನನ್ನು ಏಕೆ ನಿಲ್ಲಿಸಬೇಕಾಗಿತ್ತು? ವಾದಿರಾಜರು ಹಯವದನನೆಂದು ಏಕೆ ಹೇಳಬೇಕಾಗಿತ್ತು? ವಚನಕಾರರಲ್ಲಿಯೂ ಇದೇ ರೀತಿಯನ್ನು ಕಾಣಬಹುದು. ಬಸವಣ್ಣನವರ ಅಂಕಿತವು ಕೂಡಲಸಂಗಮದೇವನು, ಅಲ್ಲಮನದು ಗುಹೇಶ್ವರನು.

ಸಿದ್ಧಾಂತವೇನೆಂದರೆ, ಅಂಕಿತವು ಶ್ಲೇಷದಂತೆ ಎರಡು ಅರ್ಥಗಳನ್ನು ಏಕಕಾಲದಲ್ಲಿ ವಹಿಸುತ್ತದೆ. ಹಾಡುವವನಿಗೆ ಅದು ದೇವರ ಹೆಸರು, ಬಲ್ಲವನಿಗೆ ಅದು ಕವಿಯ ಗುರುತು. ಬೀದಿಯಲ್ಲಿ ಕೇಳಿದ ಪದವನ್ನು ಮನೆಯ ಹೆಂಗಸೊಬ್ಬಳು ಅಡಿಗೆಮಾಡುತ್ತ ಹಾಡಿಕೊಂಡರೆ ಅವಳು ಪರಸ್ತುತಿಯನ್ನು ಮಾಡಿದಂತಾಗಲಿಲ್ಲ, ಹರಿನಾಮವನ್ನು ಉಚ್ಚರಿಸಿದಂತಾಯಿತು. ಆ ಉಚ್ಚಾರಣೆಯಿಂದ ಪುಣ್ಯವು ಅವಳದು, ಪ್ರಸಿದ್ಧಿಯು ಕವಿಯದು. ಹೊರುವವನಿಗೆ ತನ್ನದೇ ಆದ ಪ್ರಯೋಜನವಿದ್ದರೆ ಅವನು ಮತ್ತೊಬ್ಬನ ಹೆಸರನ್ನು ಭಾರವೆಂದೆಣಿಸದೆ ಹೊರುತ್ತಾನೆ. ಹರಿದಾಸರ ಕೃತಿಪ್ರಸಾರದ ಮರ್ಮವು ಇಲ್ಲಿದೆ. ತ್ಯಾಗರಾಜರು (೧೭೬೭–೧೮೪೭) ಸ್ವನಾಮವನ್ನೇ ಮುದ್ರೆಯಾಗಿಟ್ಟರಲ್ಲವೆ ಎಂದು ಆಕ್ಷೇಪಿಸಬಹುದು. ಅದು ತಿರುವಾರೂರಿನ ಸ್ವಾಮಿಯ ಹೆಸರೂ ಆಗಿದೆಯೆಂಬುದನ್ನು ಮರೆಯಲಾಗದು. ಅಲ್ಲದೆ ಉಂಛವೃತ್ತಿಯಿಂದ ಜೀವಿಸಿದ ಆ ಮಹನೀಯರ ಕೃತಿಗಳನ್ನು ವಾಲಾಜಾಪೇಟೆ, ಉಮಯಾಳಪುರ, ತಿಲ್ಲೈಸ್ಥಾನಗಳ ಶಿಷ್ಯಪರಂಪರೆಗಳು ಉಳಿಸಿದುವು. ಹರಿದಾಸರ ಪದಗಳಿಗೆ ದಾಸಕೂಟದ ಆಚೆಗೆ ಹೆಸರಿಲ್ಲದ ಸಾವಿರಾರು ಮನೆಗಳೇ ಶಿಷ್ಯಪರಂಪರೆಯಾದುವು.

ಪದಗಳ ರಚನೆಯೂ ಈ ಪ್ರಸಾರಕ್ಕೆ ತಕ್ಕಂತಿದೆ. ದಾಸನು ತಂಬೂರಿಯನ್ನು ಮೀಟುತ್ತ, ಗೆಜ್ಜೆಯನ್ನು ಕಟ್ಟಿ, ಮನೆಯಿಂದ ಮನೆಗೆ ನಡೆಯುವನು. ಒಂದು ಬಾಗಿಲಲ್ಲಿ ನಿಲ್ಲುವ ಅವಕಾಶವು ಅಲ್ಪವಾದುದು. ಆದುದರಿಂದ ಪಲ್ಲವಿಯು ಕೇಳಿದೊಡನೆ ನಾಲಗೆಗೆ ಬರುವಂತಿರಬೇಕು. ಒಂದೊಂದು ಚರಣವೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಚರಣವಾದಮೇಲೆ ಮರಳಿ ಬರುವ ಪಲ್ಲವಿಯು ಕೇಳುವವರನ್ನೂ ಹಾಡಿಗೆ ಸೇರಿಸಬೇಕು. ಈ ಲಕ್ಷಣಗಳು ಆಸ್ಥಾನದ ಪ್ರೌಢಪ್ರಬಂಧಗಳಿಗೆ ಅವಶ್ಯಕವಾಗಿರಲಿಲ್ಲ. ಸಂಗೀತಾಭ್ಯಾಸದ ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಕ್ರಮಪಡಿಸಿದವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಮಲಹರಿ ರಾಗದ ಪಿಳ್ಳಾರಿಗೀತಗಳಲ್ಲೊಂದಾದ ‘ಕೆರೆಯ ನೀರನು’ ಎಂಬುದರ ಕೊನೆಗೆ ಪುರಂದರವಿಠಲನ ಅಂಕಿತವಿದೆ. ತಮಿಳು, ತೆಲುಗು, ಮಲಯಾಳಗಳನ್ನಾಡುವ ಮಕ್ಕಳೂ ಕರ್ಣಾಟಕಸಂಗೀತವನ್ನು ಕಲಿಯತೊಡಗಿದಾಗ ಕನ್ನಡದಲ್ಲಿಯೇ ಆ ಹೆಸರನ್ನು ಹಾಡುತ್ತಾರೆ. ಕಲಿಯುವವನ ಮೊದಲ ಹೆಜ್ಜೆಯಲ್ಲಿ ತನ್ನ ಹಾಡನ್ನು ಇರಿಸುವುದಕ್ಕಿಂತ ಸ್ಥಿರವಾದ ಪ್ರಚಾರವು ಯಾವುದಿದ್ದೀತು?

ಅಂಕಿತದ ಬಲವು ಸ್ತ್ರೀಕವಿಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಹೆಳವನಕಟ್ಟೆ ಗಿರಿಯಮ್ಮನವರಿಗಾಗಲಿ ಹರಪನಹಳ್ಳಿಯ ಭೀಮವ್ವನವರಿಗಾಗಲಿ ಸಭೆಯಿರಲಿಲ್ಲ, ಆಸ್ಥಾನವಿರಲಿಲ್ಲ. ಅವರ ಹಾಡುಗಳನ್ನು ಹೆಂಗಸರು ಹಬ್ಬಹುಣ್ಣಿಮೆಗಳಲ್ಲಿ ಬಾಯಿಂದ ಬಾಯಿಗೆ ಒಪ್ಪಿಸಿದರು. ಹಾಡಿನ ಕೊನೆಯಲ್ಲಿ ಹೆಳವನಕಟ್ಟೆಯ ರಂಗನೂ ಭೀಮೇಶಕೃಷ್ಣನೂ ಇಲ್ಲದೆ ಹೋಗಿದ್ದರೆ ಈ ರಚನೆಗಳು ಅಜ್ಞಾತಕರ್ತೃಕಗಳೆಂದೇ ಎಣಿಸಲ್ಪಡುತ್ತಿದ್ದುವು. ಸಾಹಿತ್ಯಚರಿತ್ರೆಯಲ್ಲಿ ಅವರಿಗೆ ಸ್ಥಾನವನ್ನು ಕೊಡಿಸಿದುದು ಮುಖ್ಯವಾಗಿ ಒಂದು ಚರಣದ ಅಂತ್ಯಭಾಗವೆಂಬುದು ಚಿಂತನೀಯವು.

ಇಷ್ಟಾದರೂ ಅಂಕಿತವು ನಿರ್ದುಷ್ಟವಾದ ಸಾಧನವೆಂದು ಹೇಳಲಾಗದು. ಮೊದಲನೆಯ ದೋಷವು ಸಂಕರ. ಒಬ್ಬರ ಪದಕ್ಕೆ ಮತ್ತೊಬ್ಬರ ಅಂಕಿತವನ್ನು ಸೇರಿಸುವುದು ಅಸಾಧ್ಯವಲ್ಲ. ಮಾತ್ರೆಗಳನ್ನು ಎಣಿಸಿ ನೋಡಿದರೆ ಇದರ ಮಿತಿಯು ತಿಳಿಯುತ್ತದೆ. ‘ವಿಜಯವಿಠಲ’ ಎಂಬುದಕ್ಕೆ ಆರು ಮಾತ್ರೆಗಳು. ‘ಪುರಂದರವಿಠಲ’ ಎಂಬುದಕ್ಕೆ ಎಂಟು. ‘ಜಗನ್ನಾಥವಿಠಲ’ ಎಂಬುದಕ್ಕೆ ಒಂಬತ್ತು. ಇವುಗಳನ್ನು ಅದಲುಬದಲು ಮಾಡಿದರೆ ಬಂಧವು ಬಿಗಿಯಾಗಿರುವ ಚರಣದಲ್ಲಿ ಏರುಪೇರು ಕಾಣಿಸುತ್ತದೆ. ‘ಗೋಪಾಲವಿಠಲ’ ಎಂಬುದಾದರೋ ಎಂಟು ಮಾತ್ರೆಗಳದೇ ಆದುದರಿಂದ ಪುರಂದರವಿಠಲನ ಸ್ಥಾನದಲ್ಲಿ ಮಾತ್ರೆಗೆ ಭಂಗವಿಲ್ಲದೆ ಕುಳಿತುಕೊಳ್ಳಬಲ್ಲದು. ಆದಕಾರಣ ಸಂಪಾದಕರು ಅಂಕಿತವನ್ನು ಸಾಕ್ಷಿಯೆಂದು ಗ್ರಹಿಸತಕ್ಕದ್ದು, ತೀರ್ಪೆಂದು ಗ್ರಹಿಸಕೂಡದು. ಪುರಂದರದಾಸರು ೪,೭೫,೦೦೦ ಪದಗಳನ್ನು ರಚಿಸಿದರೆಂಬ ಪ್ರತೀತಿಗೂ, ಅವರ ಅಂಕಿತದಿಂದ ಅಚ್ಚಾಗಿರುವ ಪದಗಳ ಸಂಖ್ಯೆಗೂ ನಡುವೆ ಬಹಳ ಅಂತರವಿದೆ. ಅಚ್ಚಾದವುಗಳಲ್ಲಿಯೂ ಭಾಷೆ, ಪ್ರಾಸ, ಮಾತ್ರೆಗಳನ್ನು ಪರೀಕ್ಷಿಸದೆ ಎಲ್ಲವನ್ನೂ ಒಬ್ಬರಿಗೆ ಒಪ್ಪಿಸುವುದು ಯುಕ್ತವಲ್ಲ.

ಎರಡನೆಯ ದೋಷವು ಇದಕ್ಕಿಂತ ಗುರುತರವಾದುದು. ಅಂಕಿತವು ಮಾತನ್ನು ಕಾಪಾಡಿತು, ಧಾತುವನ್ನು ಕಾಪಾಡಲಿಲ್ಲ. ೧೮೫೦ರಲ್ಲಿ ಮೊಗ್ಲಿಂಗನು ಮಂಗಳೂರಿನಲ್ಲಿ ದಾಸರ ಪದಗಳನ್ನು ಮುದ್ರಿಸಿದನು. ಅಂದಿನಿಂದ ಹೊರಟ ಸಂಗ್ರಹಗಳು ಮುಖ್ಯವಾಗಿ ಸಾಹಿತ್ಯಸಂಗ್ರಹಗಳೇ. ಒಂದು ಪುಸ್ತಕದಲ್ಲಿ ಒಂದು ರಾಗವನ್ನೂ ಮತ್ತೊಂದರಲ್ಲಿ ಬೇರೊಂದು ರಾಗವನ್ನೂ ಹೇಳಿರುವುದುಂಟು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಎಟ್ಟಯಪುರದಲ್ಲಿ ಪ್ರಕಟಿಸಿದ ಸಂಗೀತಸಂಪ್ರದಾಯಪ್ರದರ್ಶಿನಿಯು ಗಮಕಸಂಜ್ಞೆಗಳೊಡನೆ ಸ್ವರಲಿಪಿಯನ್ನು ಒದಗಿಸಿತು. ಹರಿದಾಸರಿಗೆ ಅಂಥ ಭಾಗ್ಯವು ದೊರೆಯಲಿಲ್ಲ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು (೧೮೬೬–೧೯೩೧) ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದರು. ಆದರೆ ಇಂದು ಕಚೇರಿಯಲ್ಲಿ ಕೇಳಿಬರುವ ಅನೇಕ ದೇವರನಾಮಗಳ ಧಾತುವು ಈಚಿನವರದು. ರತ್ನಾಕರದ ಲಕ್ಷಣದಂತೆ ನೋಡಿದರೆ ಪುರಂದರದಾಸರ ವಾಗ್ಗೇಯಕಾರತ್ವದಲ್ಲಿ ಅರ್ಧಭಾಗವು ಕಾಲವಶವಾಯಿತೆಂದೇ ಹೇಳಬೇಕು. ಹಾಡುವವನು ತನಗೆ ಬಂದ ಧಾಟಿಯಲ್ಲಿ ಹಾಡಿಕೊಳ್ಳಬಹುದೆಂಬ ಸ್ವಾತಂತ್ರ್ಯದಿಂದಲೇ ಪದಗಳು ಅಷ್ಟು ದೂರ ಹೋದುವು. ಆ ಸ್ವಾತಂತ್ರ್ಯದ ಬೆಲೆಯೇ ಧಾತುವಿನ ನಾಶವು.

ಇದಕ್ಕೆ ವಿಪರ್ಯಯವಾದ ದೃಷ್ಟಾಂತವೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರಿಗಾಗಿ ಹಾಡಿದ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ತಟ್ಟೆಗಳನ್ನು ಅಚ್ಚೊತ್ತುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂಬುದು ತಿಳಿಯಲೆಂದು ಈ ಪದ್ಧತಿಯು ಹುಟ್ಟಿತೆಂದು ಹೇಳುವರು. ಈಕೆಯು ತನ್ನ ಕಡೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿದ್ದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಆಕೆಯ ಘೋಷಣೆಯೂ ಒಂದು ಬಗೆಯ ಅಂಕಿತವೇ, ಆದರೆ ಹಾಡಿಗೆ ಸೇರದ ಅಂಕಿತವು. ತಟ್ಟೆಯಲ್ಲಿ ಆಕೆಯ ಕಂಠವೂ ಗಮಕವೂ ಇಂದಿಗೂ ಹಾಗೆಯೇ ಉಳಿದಿವೆ. ಆದರೆ ಆ ಠುಮರಿಯನ್ನು ಮತ್ತೊಬ್ಬರು ಹಾಡಿದಾಗ ಆ ಹೆಸರು ಅವರ ಬಾಯಲ್ಲಿ ಬರುವುದಿಲ್ಲ. ದಾಸರ ಪದದಲ್ಲಿ ಹೆಸರು ಉಳಿದು ಧಾಟಿಯು ಹೋಯಿತು. ಇಲ್ಲಿ ಧಾಟಿಯು ಉಳಿದು ಹೆಸರು ತಟ್ಟೆಯಲ್ಲಿಯೇ ನಿಂತಿತು.

ಈಗಿನ ಸ್ವತಂತ್ರ ಸಂಗೀತಗಾರರ ಸ್ಥಿತಿಯು ಗೌಹರ್ ಜಾನಳ ಸ್ಥಿತಿಗೆ ಸಮೀಪವಾದುದು. ಪ್ರತಿಯೊಂದು ಧ್ವನಿಮುದ್ರಣಕ್ಕೂ ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರಾಂಕಗಳ ಅಂತರರಾಷ್ಟ್ರೀಯ ಸಂಕೇತವನ್ನು ಪಡೆಯಬಹುದಾಗಿದೆ. ಇದು ಮುದ್ರಣದ ಗುರುತು, ರಚನೆಗೆ ಐ.ಎಸ್.ಡಬ್ಲ್ಯು.ಸಿ. ಎಂಬ ಬೇರೆ ಸಂಕೇತವಿದೆ. ೧೯೫೭ರ ಭಾರತೀಯ ಕೃತಿಸ್ವಾಮ್ಯದ ಶಾಸನವು ತನ್ನ ೫೭ನೆಯ ವಿಧಿಯಲ್ಲಿ ಕರ್ತೃತ್ವವನ್ನು ಹೇಳಿಕೊಳ್ಳುವ ಹಕ್ಕನ್ನು ರಚಿಸಿದವನಿಗೆ ಕೊಟ್ಟಿದೆ. ಇವೆಲ್ಲವೂ ಅವಶ್ಯಕವಾದುವು, ಹಣದ ಲೆಕ್ಕಕ್ಕೆ ಆಧಾರವಾದುವು. ಆದರೆ ಯಾವ ಸಂಕೇತವನ್ನೂ ಯಾರೂ ಹಾಡುವುದಿಲ್ಲ. ಶಿಶುನಾಳ ಶರೀಫರ (೧೮೧೯–೧೮೮೯) ಪದಗಳು ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ ಬೆಳೆದು, ಸಿ. ಅಶ್ವತ್ಥರ ಕಂಠದಿಂದ ನಾಡೆಲ್ಲ ಹರಡಿದುವು. ೨೦೦೮ರಲ್ಲಿ ಹೊರಬಂದ ರಘು ದೀಕ್ಷಿತರ ಧ್ವನಿಸಂಪುಟದಲ್ಲಿಯೂ ಶರೀಫರ ಪದವು ಸೇರಿತು. ವಾದ್ಯಗಳು ಬದಲಾದುವು, ಧಾಟಿಯು ಬದಲಾಯಿತು, ಕೇಳುವ ದೇಶಗಳೂ ಬದಲಾದುವು. ಶಿಶುನಾಳಾಧೀಶನ ಅಂಕಿತವನ್ನುಳ್ಳ ಪದವಾದರೋ ಯಾರ ಬಾಯಿಗೆ ಹೋದರೂ ತನ್ನ ಕವಿಯನ್ನು ತಾನೇ ಹೇಳಿಕೊಳ್ಳುತ್ತದೆ. ಆ ಧಾಟಿಯನ್ನು ಕಟ್ಟಿದವರ ಹೆಸರು ಮಾತ್ರ ಸಂಪುಟದ ಮೇಲೆ ಇದೆ. ಅದು ಮುಂದೆ ಹಾಡುವವರ ಬಾಯಿಗೆ ಬರಲು ದಾರಿಯಿಲ್ಲ.

ಈ ಪರೀಕ್ಷೆಯಿಂದ ಎರಡು ವಿಷಯಗಳು ಫಲಿಸುತ್ತವೆ. ಸ್ವತಂತ್ರನಾದ ಸಂಗೀತಗಾರನು ತನ್ನ ಕಂಠವನ್ನು ಮುದ್ರಿಸಿ ನಿಲ್ಲಿಸುವಷ್ಟಕ್ಕೆ ತೃಪ್ತನಾಗದೆ, ಪರರು ಹಾಡಬಹುದಾದ ಪದವನ್ನು ಕಟ್ಟಿ, ಸಾಹಿತ್ಯವನ್ನೂ ಸ್ವರಲಿಪಿಯನ್ನೂ ಕಲಿಯುವವರ ಕೈಗೆ ಕೊಟ್ಟು, ಹಾಡುವವನಿಗೂ ಪ್ರಿಯವಾಗುವ ಒಂದು ಗುರುತನ್ನು ಪದದ ಬಂಧದಲ್ಲಿಯೇ ಹೆಣೆದರೆ, ಹರಿದಾಸರು ಪಡೆದ ಲಾಭವನ್ನು ಅವರು ಪಟ್ಟ ನಷ್ಟವಿಲ್ಲದೆ ಪಡೆಯಬಹುದು. ಇದು ಮೊದಲನೆಯದು. ಎರಡನೆಯದು ಪಂಡಿತರಿಗೂ ಉಪಾಧ್ಯಾಯರಿಗೂ ಸೇರಿದುದು. ದಾಸರ ಪದಗಳನ್ನು ಪಾಠವಾಗಿ ಹೇಳುವಾಗ ಅಂಕಿತವನ್ನು ಕಡೆಯ ಸಾಲೆಂದು ಬಿಟ್ಟುಬಿಡುವ ಅಭ್ಯಾಸವು ತಪ್ಪಬೇಕು. ಹಳ್ಳಿಗಳಲ್ಲಿ ವೃದ್ಧರ ಬಾಯಲ್ಲಿ ಇನ್ನೂ ಉಳಿದಿರುವ ಧಾಟಿಗಳನ್ನು, ಹಾಡಿದ ಊರು, ವರ್ಷ, ಕಲಿತ ಮೂಲಗಳೊಡನೆ ಧ್ವನಿಮುದ್ರಿಸಿ ಸ್ವರಲಿಪಿಗೆ ಇಳಿಸಬೇಕು. ಮಾತನ್ನು ಅಂಕಿತವು ಇಷ್ಟು ಶತಮಾನಗಳ ಕಾಲ ಕಾಪಾಡಿದೆ. ಧಾತುವನ್ನು ಕಾಪಾಡುವ ಕಾರ್ಯವು ಈಗಿನವರ ಪಾಲಿಗೆ ಉಳಿದಿದೆ. ಅದನ್ನು ಬಲ್ಲ ವೃದ್ಧರು ಜೀವಿಸಿರುವಾಗಲೇ ವಿದ್ವಾಂಸರು ಈ ಕಾರ್ಯಕ್ಕೆ ಕೈಹಾಕುವುದು ಶ್ರೇಯಸ್ಕರವು.